ಶಾಲೆ ಗೇಟಿನ ಮುಂದೆ ಕೆಂಪು ರಸ್ತೆ: ದುಡ್ಡು ಹಾಕಬಹುದಾ?

ಮೈಸೂರಿನ ಬೋಗಾದಿ ಕಡೆಯ ನಮ್ಮ ಬಡಾವಣೆಯಲ್ಲಿ ಶಾಲೆ ಗೇಟಿನ ಮುಂದೆ ರಸ್ತೆಗೆ ಕೆಂಪು ಕೋಟಿಂಗ್ ಹಾಕಿಸಿದ್ದೇವೆ. ಒಂದು ಬೇಸಿಗೆ, ಒಂದು ಮಳೆಗಾಲ ಎರಡನ್ನೂ ಅದು ಕಂಡಾಯಿತು. ಅಕ್ಕಪಕ್ಕದ ಬಡಾವಣೆಯವರು ಬಂದು "ಹೇಗಿದೆ, ಎಷ್ಟಾಯ್ತು, ನಾವೂ ಹಾಕಿಸಬಹುದಾ" ಅಂತ ಕೇಳುತ್ತಲೇ ಇದ್ದಾರೆ. ಒಬ್ಬೊಬ್ಬರಿಗೂ ಹಾಲಿನ ಬೂತಿನ ಹತ್ತಿರ ನಿಂತು ಹೇಳೋ ಬದಲು ಇಲ್ಲಿ ಬರೆದುಬಿಡುತ್ತೇನೆ. ಹಾಕಿಸಿ. ಆದರೆ ಇಡೀ ಬಡಾವಣೆಗಲ್ಲ, ನಿಜವಾಗಿ ಅಪಾಯ ಇರೋ ಒಂದು ಜಾಗಕ್ಕೆ ಹಾಕಿಸಿ, ಅದೂ ಮೇಲೆ ಗಟ್ಟಿ ಹರಳು ಉದುರಿಸಿದ್ದನ್ನೇ ಹಾಕಿಸಿ. ಸುಮ್ನೆ ಕೆಂಪು ಬಳಿಸೋದಾದರೆ ಆ ದುಡ್ಡಲ್ಲಿ ಗಣೇಶನ ಹಬ್ಬ ಜೋರಾಗಿ ಮಾಡಬಹುದು.

ನಮ್ಮ ರಸ್ತೆಯ ಸಮಸ್ಯೆ ಏನು ಅಂದರೆ, ರಿಂಗ್ ರೋಡಿನ ಸಿಗ್ನಲ್ ತಪ್ಪಿಸಿಕೊಳ್ಳೋರೆಲ್ಲ ನಮ್ಮ ಬಡಾವಣೆಯೊಳಗೆ ನುಗ್ಗಿ ಆ ಕಡೆ ಹೊರಡುತ್ತಾರೆ. ರಸ್ತೆ ಇಳಿಜಾರು. ಇಳಿಜಾರಿನ ಕೊನೆಗೆ ಎಡಕ್ಕೆ ಒಂದು ತಿರುವು, ತಿರುವು ದಾಟುತ್ತಿದ್ದ ಹಾಗೇ ಶಾಲೆ ಗೇಟು. ಬೆಳಗ್ಗೆ ಆ ಹೊತ್ತಿಗೆ ವ್ಯಾನು, ಆಟೋ, ಸ್ಕೂಟರಿನಲ್ಲಿ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಬರೋ ಅಪ್ಪಂದಿರು, ಎಲ್ಲ ಒಟ್ಟಿಗೆ. ಮೊದಲು ಅಲ್ಲಿ ಹಂಪ್ ಇತ್ತು. ಹಂಪ್ ಅನ್ನೋಕೂ ಒಂದು ಲೆಕ್ಕ ಇದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನವರ (ಐಆರ್‌ಸಿ) ಐಆರ್‌ಸಿ 99 ಅನ್ನೋ ಮಾರ್ಗಸೂಚಿಯ 1988ರ ಆವೃತ್ತಿ ಪ್ರಕಾರ ಗಂಟೆಗೆ 25 ಕಿ.ಮೀ. ವೇಗಕ್ಕೆ ಮಾಡೋ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು, ನಯವಾಗಿ ಏರಿ ಇಳಿಯಬೇಕು. ನಮ್ಮದು ಅರ್ಧ ಮೀಟರ್ ಅಗಲವೂ ಇಲ್ಲದ ದಿಬ್ಬ, ಅದಕ್ಕೆ ಬಿಳಿ ಪಟ್ಟೆಯೂ ಇರಲಿಲ್ಲ. ಕಾರಿನವರು ತಳ ಉಜ್ಜಿಕೊಂಡು ಬೈಯುತ್ತಿದ್ದರು. ಬೈಕಿನವರು ಹಂಪು ಮತ್ತು ಮೋರಿ ನಡುವಿನ ಒಂದಡಿ ಜಾಗದಲ್ಲಿ ತೂರಿಕೊಂಡು ಹೋಗುತ್ತಿದ್ದರು, ಮಕ್ಕಳು ನಡೆಯೋದೂ ಅಲ್ಲೇ.

ಕೆಂಪು ಕೋಟಿಂಗ್ ಐಡಿಯಾ ಕೊಟ್ಟಿದ್ದು ನಮ್ಮ ಬೀದಿಯ ರಿಟೈರ್ಡ್ ಎಂಜಿನಿಯರ್ ಒಬ್ಬರು. ಎರಡು ಕೊಟೇಶನ್ ಬಂದವು. ಒಂದು ಥರ್ಮೋಪ್ಲಾಸ್ಟಿಕ್, ಅಂದರೆ ಹೆದ್ದಾರಿಯಲ್ಲಿ ಬಿಳಿ ಪಟ್ಟೆ ಹಾಕುತ್ತಾರಲ್ಲ ಅದೇ ಮಾಲು, ಬಣ್ಣ ಮಾತ್ರ ಕೆಂಪು. ಇನ್ನೊಂದು ಎಪಾಕ್ಸಿ ಅಂಟಿನ ಮೇಲೆ ಹರಳು ಉದುರಿಸೋದು. ಎರಡನೆಯದರ ಬೆಲೆ ಮೊದಲನೆಯದರ ಎರಡು ಪಟ್ಟಿಗೂ ಜಾಸ್ತಿ. ಖಜಾಂಚಿಯವರು ಅಗ್ಗದ್ದೇ ಸಾಕು ಅಂದರು, ಎಂಜಿನಿಯರ್ ಸರ್ ಬೇಡವೇ ಬೇಡ ಅಂದರು. ಕೊನೆಗೆ ಇಳಿಜಾರಿನಿಂದ ಬರೋ ಕಡೆ ಹರಳಿನದು, ಎದುರಿನಿಂದ ಬರೋ ಕಡೆ ಥರ್ಮೋಪ್ಲಾಸ್ಟಿಕ್ ಅಂತ ತೀರ್ಮಾನ ಆಯಿತು. ಸಂಘದ ಸಭೆಯಲ್ಲಿ ಯಾರಿಗೂ ಬೇಜಾರಾಗದ ಹಾಗೆ ಅರ್ಧ ಅರ್ಧ ಮಾಡೋದು ನಮ್ಮೂರಿನ ಹಳೇ ಅಭ್ಯಾಸ ಅಲ್ವಾ. ಅದರಿಂದ ನನಗೆ ಲಾಭವೇ ಆಯಿತು, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡೋಕೆ ಸಿಕ್ಕಿತು.

ಬಣ್ಣದ ಬಗ್ಗೆಯೂ ಒಂದು ಸಂಜೆಯೆಲ್ಲ ಚರ್ಚೆ. ಒಬ್ಬರು ಹಳದಿ-ಕೆಂಪು ಪಟ್ಟೆ ಹಾಕೋಣ, ಕನ್ನಡ ಬಾವುಟದ ಥರ ಇರುತ್ತೆ ಅಂದರು. ಬಾವುಟದ ಮೇಲೆ ಲಾರಿ ಓಡಿಸ್ತೀರಾ ಅಂತ ಇನ್ನೊಬ್ಬರು ಎದ್ದರು. ಅಲ್ಲಿಗೆ ಆ ಮಾತು ಮುಗಿಯಿತು. ಜಾಗ ಕೊಟ್ಟರೆ ಖರ್ಚು ಹಾಕ್ತೀನಿ, ನಡುವೆ ನನ್ನ ಅಂಗಡಿ ಹೆಸರು ಬರೀಬೇಕು ಅಂದವರೂ ಇದ್ದರು.

ಕೆಲಸ ನಡೆದ ದಿನ ಅಲ್ಲೇ ನಿಂತು ನೋಡಿದೆ. ಥರ್ಮೋಪ್ಲಾಸ್ಟಿಕ್‌ನವರು ಗೂಡ್ಸ್ ಆಟೋದಲ್ಲಿ ಬಾಯ್ಲರ್, ಗ್ಯಾಸ್ ಸಿಲಿಂಡರ್, ಪುಡಿಯ ಚೀಲ ತಂದರು. ರಸ್ತೆ ಗುಡಿಸಿ, ಬ್ಲೋವರ್‌ನಲ್ಲಿ ಧೂಳು ಹಾರಿಸಿ, ಪ್ರೈಮರ್ ಬಳಿದು, ಅಂಚಿಗೆ ಟೇಪ್ ಅಂಟಿಸಿದರು. ಪುಡಿಯನ್ನು 180-200 ಡಿಗ್ರಿಗೆ ಕಾಯಿಸಿದರೆ ಮಂದವಾಗಿ ಕರಗುತ್ತದೆ, ಅದನ್ನು ಎಳೆದುಕೊಂಡು ಹೋಗೋದು. ಕೆಲವೇ ನಿಮಿಷಕ್ಕೆ ಗಟ್ಟಿ. ಮಧ್ಯಾಹ್ನದ ಊಟಕ್ಕೆ ಮುಂಚೆ ಅವರ ಕೆಲಸ ಮುಗಿದು ರಸ್ತೆ ಫಳಫಳ ಹೊಳೆಯುತ್ತಿತ್ತು. ಎಲ್ಲರೂ ಫೋಟೋ ತೆಗೆದುಕೊಂಡರು.

ಎಪಾಕ್ಸಿ ಕಡೆ ಇಷ್ಟು ಸಲೀಸಲ್ಲ. ಎರಡು ಡಬ್ಬಿ ದ್ರವ, ಅಳತೆ ತಪ್ಪದ ಹಾಗೆ ಬೆರೆಸಬೇಕು, ಬೆರೆಸಿದ ಮೇಲೆ ತಡ ಮಾಡೋ ಹಾಗಿಲ್ಲ. ರಸ್ತೆಯಲ್ಲಿ ಇಬ್ಬನಿಯ ಪಸೆ ಇದ್ದರೂ ಅಂಟೋದಿಲ್ಲ ಅಂತ ಬಿಸಿಲು ಏರೋವರೆಗೆ ಕಾದರು. ರಬ್ಬರ್ ಹಲ್ಲಿನ ಪಟ್ಟಿಯಲ್ಲಿ ಅಂಟು ಹರಡಿದ ಹಿಂದೆಯೇ ಒಬ್ಬರು ಹರಳನ್ನು ಮುಷ್ಟಿ ಮುಷ್ಟಿ ಎರಚುತ್ತಾ ಬಂದರು, ಅಂಟು ಒಂದು ಚೂರೂ ಕಾಣದಷ್ಟು ದಟ್ಟವಾಗಿ. ಆ ಹರಳಿನ ಹೆಸರು ಕ್ಯಾಲ್ಸೈನ್ಡ್ ಬಾಕ್ಸೈಟ್. ಅಲ್ಯೂಮಿನಿಯಂ ಅದಿರನ್ನು ವಿಪರೀತ ಕಾವಿನಲ್ಲಿ ಸುಟ್ಟು ಪುಡಿ ಮಾಡಿದ್ದು. ಒಂದರಿಂದ ಮೂರು ಮಿಲಿಮೀಟರ್ ಗಾತ್ರ, ಬೆರಳ ಮಧ್ಯೆ ಹಿಡಿದು ಉಜ್ಜಿದರೆ ಚುಚ್ಚುತ್ತದೆ. ಮಾಮೂಲಿ ಜಲ್ಲಿಪುಡಿಯ ಚೂಪು ಟೈರಿಗೆ ಸವೆದು ನುಣ್ಣಗಾಗುತ್ತದೆ, ಇದು ಅಷ್ಟು ಸುಲಭಕ್ಕೆ ಸವೆಯೋದಿಲ್ಲ. ದುಡ್ಡು ಜಾಸ್ತಿ ಆಗೋದೂ ಇದಕ್ಕೇ. ಒಣಗೋಕೆ ಗಂಟೆಗಟ್ಟಲೆ ಬೇಕು. ಅಷ್ಟರಲ್ಲಿ ಪಕ್ಕದ ಬೀದಿಯ ಹಸು ಕೋನ್ ದಾಟಿ ಬಂದು ಯಾರ ಮುಲಾಜೂ ಇಲ್ಲದೆ ನಡೆದುಹೋಯಿತು. ಗೊರಸಿನ ಗುರುತು ಹಾಗೇ ಉಳಿದಿದೆ, ಶಾಲೆ ಮಕ್ಕಳು ಅದರ ಮೇಲೇ ಕಾಲಿಟ್ಟು ದಾಟುತ್ತಾರೆ. ಮಾರನೇ ದಿನ ಅಂಟದೆ ಉಳಿದ ಹರಳನ್ನು ಗುಡಿಸಿ ಚೀಲಕ್ಕೆ ತುಂಬಿಕೊಂಡು ಹೋದರು.

ನೋಡೋಕೆ ಥರ್ಮೋಪ್ಲಾಸ್ಟಿಕ್ಕೇ ಚೆಂದ. ಹರಳಿನ ಸ್ವಂತ ಬಣ್ಣ ಬೂದು-ಕಂದು, ಹಾಗಾಗಿ ಆ ಕಡೆ ಇಟ್ಟಿಗೆ ಪುಡಿ ಚೆಲ್ಲಿದಷ್ಟೇ ಕೆಂಪು. ಎರಡು ಪಟ್ಟು ದುಡ್ಡು ಕೊಟ್ಟು ಇದೇನ್ರೀ ಮಂಕು ಬಣ್ಣ ಅಂತ ಖಜಾಂಚಿಯವರ ಮುಖ ಸಪ್ಪಗಾಗಿತ್ತು.

ಮೊದಲ ಮಳೆ ಬಂದ ದಿನ ಎಲ್ಲ ಗೊತ್ತಾಯಿತು. ಹಳೇ ಮೈಸೂರಿನ ಮನೆಗಳ ರೆಡ್ ಆಕ್ಸೈಡ್ ನೆಲದ ಮೇಲೆ ನೀರು ಚೆಲ್ಲಿದಾಗ ಕಾಲಿಟ್ಟವರಿಗೆ ಥರ್ಮೋಪ್ಲಾಸ್ಟಿಕ್ ಕಡೆ ಏನಾಯಿತು ಅಂತ ವಿವರಿಸಬೇಕಾಗಿಲ್ಲ. ಡೆಲಿವರಿ ಹುಡುಗನೊಬ್ಬ ಗೇಟಿನ ಮುಂದೆ ಬ್ರೇಕ್ ಹಾಕಿದ. ಹಿಂದಿನ ಚಕ್ರ ಪಕ್ಕಕ್ಕೆ ಜಾರಿತು, ಕಾಲು ಊರಿ ಹೇಗೋ ನಿಂತ. ಅವನ ಹಿಂದೆ ಬಂದ ಸ್ಕೂಟರಿನವರೂ ಹಾಗೇ. ಅದೇ ಮಳೆಯಲ್ಲಿ ಇಳಿಜಾರಿನ ಕಡೆ ಹರಳಿನ ಮೇಲೆ ಶಾಲೆ ವ್ಯಾನು ಗಬಕ್ಕನೆ ನಿಂತಿತು. ಟೈರು ಕೆಳಗೆ ಗರಗರ ಸದ್ದು ಬರುತ್ತೆ, ಒಳಗೆ ಕೂತವರಿಗೂ ಕೇಳುತ್ತೆ ಅಂತ ವ್ಯಾನಿನ ಅಣ್ಣ ಆಮೇಲೆ ಹೇಳಿದರು.

ಥರ್ಮೋಪ್ಲಾಸ್ಟಿಕ್ ಹಾಕಿದ ಸೂಪರ್‌ವೈಸರ್‌ಗೆ ಫೋನ್ ಮಾಡಿದೆವು. "ಹೊಸ್ದಲ್ವಾ ಮೇಡಂ, ನಾಕ್ ಮಳೆ ಬೀಳ್ಲಿ ಬುಡಿ, ಸರೋಯ್ತದೆ" ಅಂದರು. ಮಳೆ ಬೀಳುತ್ತಲೇ ಇತ್ತು, ಸರಿಹೋಗಲಿಲ್ಲ. ಎರಡನೇ ಸಲ ಫೋನ್ ಮಾಡಿದಾಗ ಮೇಲೆ ಮರಳು ಚೆಲ್ಲಿ ಅಂದರು. ಮೂರನೇ ಸಲ ಎತ್ತಲಿಲ್ಲ. ನಂತರ ಬೇರೆಯವರನ್ನು ಕರೆಸಿ ಆ ಭಾಗವನ್ನು ಕೆರೆಸಿ, ಅಲ್ಲಿಗೂ ಹರಳಿನದೇ ಹಾಕಿಸಿದ್ದಾಯಿತು. ನ್ಯಾಯವಾಗಿ ಹೇಳಬೇಕು ಅಂದರೆ ಥರ್ಮೋಪ್ಲಾಸ್ಟಿಕ್ ಅನ್ನೋ ಮಾಲೇ ಕೆಟ್ಟದ್ದಲ್ಲ. ಅದಕ್ಕೂ ಬಿಸಿ ಇರುವಾಗಲೇ ಗಟ್ಟಿ ಹರಳು ಎರಚಿ ಹಿಡಿತ ಕೊಡಬಹುದು. ನಮಗೆ ಹಾಕಿದವರು ಗಾಜಿನ ಮಣಿ ಮಾತ್ರ ಎರಚಿದ್ದರು. ಗಾಜಿನ ಮಣಿ ರಾತ್ರಿ ಹೆಡ್‌ಲೈಟ್ ಬೆಳಕನ್ನು ವಾಪಸ್ ತೋರಿಸೋಕೆ, ಟೈರು ಹಿಡಿಯೋಕಲ್ಲ.

ಈಗ ಬಣ್ಣದ ವಿಷಯ. ಹಾಕಿದ ಹೊಸದರಲ್ಲಿ ಎಲ್ಲರೂ ನಿಧಾನ ಆದರು, ಏನಿದು ಅಂತ ಬಗ್ಗಿ ನೋಡಿಕೊಂಡು ಹೋದರು. ದಿನಾ ಓಡಾಡೋರಿಗೆ ಆಮೇಲೆ ಅದು ಅಭ್ಯಾಸವಾಯಿತು. ಹೊರಗಿನಿಂದ ಬರೋರು ಈಗಲೂ ನಿಧಾನ ಮಾಡುತ್ತಾರೆ, ನಮ್ಮ ಬಡಾವಣೆಯವರೇ ಮಾಡೋದಿಲ್ಲ, ಅದೊಂದು ಸಂಕಟ. ಗಂಟೆಗೆ 40 ಕಿ.ಮೀ. ಅಂದರೆ ಸೆಕೆಂಡಿಗೆ 11 ಮೀಟರ್. ಬ್ರೇಕಿನ ಮೇಲೆ ಕಾಲು ಹೋಗೋದು ಒಂದು ಸೆಕೆಂಡ್ ತಡ ಆದರೆ ಗೇಟು ದಾಟಿಯೇ ಹೋಗಿರುತ್ತದೆ. ಸರಾಸರಿ ವೇಗ ಶೇ. 5ರಷ್ಟು ಇಳಿದರೂ ಸಾವಿನ ಅಪಘಾತಗಳು ಶೇ. 30ರಷ್ಟು ಕಡಿಮೆ ಆಗಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಾಗಾಗಿ ಹೊರಗಿನವರು ಸ್ವಲ್ಪ ನಿಧಾನ ಆದರೂ ನನಗೆ ಅದು ಸಣ್ಣ ಲಾಭ ಅನಿಸೋದಿಲ್ಲ. ಆದರೆ ಅದೇ ಹೊತ್ತಿಗೆ ಶಾಲೆಯವರು ಗೇಟಿಗೆ ಕೈಯಲ್ಲಿ ಸ್ಟಾಪ್ ಬೋರ್ಡ್ ಕೊಟ್ಟು ಒಬ್ಬರನ್ನು ನಿಲ್ಲಿಸಿದರು, ನಾವು ಅಂಚಿಗೆ ಬಾಗೋ ಪ್ಲಾಸ್ಟಿಕ್ ಕಂಬ ನೆಟ್ಟು ರಸ್ತೆಯನ್ನು ಕಿರಿದು ಮಾಡಿದೆವು. ಕಂಬ ನೆಟ್ಟ ಮೇಲೆ ಬಡಾವಣೆಯವರೂ ನಿಧಾನ ಆದರು. ಬಣ್ಣದ ಖಾತೆಗೆ ಎಲ್ಲ ಪುಣ್ಯ ಬರೆಯೋದು ಸರಿಯಲ್ಲ.

"ಹಾಗಾದರೆ ಎಲ್ಲ ಕ್ರಾಸಿಗೂ ಹಾಕಿಸಿಬಿಡೋಣ" ಅಂತ ಅಧ್ಯಕ್ಷರು ಹುರುಪಿನಲ್ಲಿದ್ದರು. ಅವರಿಗೆ ಕೋಪನ್‌ಹೇಗನ್ ಕಥೆ ಹೇಳಬೇಕಾಯಿತು. ಅಲ್ಲಿ ಸೈಕಲ್‌ನವರು ಜಂಕ್ಷನ್ ದಾಟೋ ಜಾಗಕ್ಕೆ ನೀಲಿ ಬಣ್ಣ ಹಾಕುತ್ತಾರೆ. 65 ಸಿಗ್ನಲ್ ಜಂಕ್ಷನ್‌ಗಳಲ್ಲಿ ಬಣ್ಣ ಹಾಕೋ ಮುಂಚೆ ಮತ್ತು ಆಮೇಲಿನ ಅಪಘಾತಗಳನ್ನು ಲೆಕ್ಕ ಹಾಕಿದ ಅಧ್ಯಯನ 2008ರಲ್ಲಿ ಬಂತು. ಒಂದೇ ಬದಿಗೆ ನೀಲಿ ಹಾಕಿದ ಕಡೆ ಅಪಘಾತ ಶೇ. 10ರಷ್ಟು ಇಳಿದಿತ್ತು. ಎರಡು ಬದಿಗೆ ಹಾಕಿದ ಕಡೆ ಶೇ. 23, ನಾಲ್ಕೂ ಬದಿಗೆ ಹಾಕಿದ ಕಡೆ ಶೇ. 60 ಏರಿತ್ತು! ಎಲ್ಲ ಕಡೆ ಬಣ್ಣ ಇದ್ದರೆ ಚಾಲಕನ ಕಣ್ಣು ನೆಲದ ಮೇಲೇ ಇರುತ್ತದೆ, ಎದುರಿನ ಸಿಗ್ನಲ್ಲೂ ಮುಂದಿನ ಗಾಡಿಯೂ ತಪ್ಪಿಹೋಗುತ್ತದೆ ಅನ್ನೋದು ನನ್ನ ಊಹೆ. ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲೂ 1990ರ ದಶಕದ ಕೊನೆಗೆ ಸೈಕಲ್ ದಾರಿಗೆ ನೀಲಿ ಹಾಕಿ ನೋಡಿದ್ದರು. ಸೈಕಲ್‌ಗೆ ದಾರಿ ಬಿಡೋ ಕಾರಿನವರು ಶೇ. 72ರಿಂದ 92ಕ್ಕೆ ಏರಿದರು, ಒಳ್ಳೇದೇ. ಆದರೆ ಸೈಕಲ್‌ನವರು ತಿರುಗಿ ನೋಡೋದನ್ನು ಕಡಿಮೆ ಮಾಡಿದರು. ನಮ್ಮ ಮಕ್ಕಳಿಗೂ ಇದು ಅನ್ವಯಿಸುತ್ತದೆ. ಕೆಂಪು ಇದೆ ಅಂತ ನೋಡದೆ ಓಡಬೇಡಿ ಅಂತ ಶಾಲೆಯಲ್ಲಿ ಹೇಳಿಸಿದ್ದೇವೆ. ಮೈಸೂರಿನಲ್ಲಿ 2017ರಲ್ಲಿ ಟ್ರಿಣ್ ಟ್ರಿಣ್ ಅನ್ನೋ ಬಾಡಿಗೆ ಸೈಕಲ್ ಯೋಜನೆ ಶುರುವಾದಾಗಿನಿಂದ ಸೈಕಲ್‌ಗೆ ಬಣ್ಣದ ದಾರಿ ಬೇಕು ಅಂತ ಕೇಳೋರಿದ್ದಾರೆ, ನಾನೂ ಕೇಳೋಳೇ. ನೆದರ್‌ಲ್ಯಾಂಡ್ಸ್‌ನಲ್ಲಿ ಕೆಂಪು ಡಾಂಬರು ಕಂಡರೆ ಸೈಕಲ್ ದಾರಿ ಅಂತ ಸಣ್ಣ ಮಕ್ಕಳಿಗೂ ಗೊತ್ತು, ಯಾಕೆಂದರೆ ಅಲ್ಲಿ ಆ ಬಣ್ಣಕ್ಕೆ ಊರೂರಿಗೆ ಬೇರೆ ಅರ್ಥ ಇಲ್ಲ. ನಮ್ಮಲ್ಲಿ ಒಂದು ಬಡಾವಣೆ ಕೆಂಪು, ಪಕ್ಕದ್ದು ಹಸಿರು, ಅದರಾಚೆಯದ್ದು ಪ್ರಾಯೋಜಕರ ಬಣ್ಣ ಅಂತಾದರೆ ರಂಗೋಲಿ ಸ್ಪರ್ಧೆ ಅಷ್ಟೇ.

ಬಣ್ಣ ಒಬ್ಬಂಟಿಯಾಗಿಯೇ ಚೆನ್ನಾಗಿ ಕೆಲಸ ಮಾಡೋ ಜಾಗ ಒಂದಿದೆ, ದಾರಿ ತೋರಿಸೋದು. ದಕ್ಷಿಣ ಕೊರಿಯಾದಲ್ಲಿ 2011ರಲ್ಲಿ ಆನ್ಸಾನ್ ಜಂಕ್ಷನ್‌ನಲ್ಲಿ ಯಾವ ಕಡೆ ತಿರುಗೋರು ಯಾವ ಸಾಲಲ್ಲಿ ಹೋಗಬೇಕು ಅಂತ ನೆಲದ ಮೇಲೆ ಬಣ್ಣದ ಗೆರೆ ಎಳೆದರು, ಆಮೇಲೆ ದೇಶವೆಲ್ಲ ಹರಡಿತು. ನಮ್ಮ ಮೈಸೂರು-ಬೆಂಗಳೂರು ಹೆದ್ದಾರಿಗೆ ಇದು ಬಂದರೆ ಎಷ್ಟು ಚೆನ್ನ. ಮಂಡ್ಯಕ್ಕೋ ಶ್ರೀರಂಗಪಟ್ಟಣಕ್ಕೋ ಇಳಿಯೋರು ಕೊನೇ ಗಳಿಗೆಯಲ್ಲಿ ಬೋರ್ಡ್ ನೋಡಿ ಬಲಗಡೆ ಸಾಲಿನಿಂದ ಎಡಕ್ಕೆ ಎಳೀತಾರಲ್ಲ, ನೋಡಿದರೆ ಎದೆ ಝಲ್ ಅನ್ನುತ್ತದೆ. ಗುಲಾಬಿ ಗೆರೆ ಹಿಡಿದು ಬನ್ನಿ ಅಂದರೆ ಓದು ಬರದವರಿಗೂ ಅರ್ಥವಾಗುತ್ತದೆ.

ಮಧ್ಯಪ್ರದೇಶದಲ್ಲಿ ಹುಲಿ ಸಂರಕ್ಷಿತ ಪ್ರದೇಶದ ನಡುವೆ ಹಾದುಹೋಗೋ ಭೋಪಾಲ್-ಜಬಲ್ಪುರ ಹೆದ್ದಾರಿಗೆ ಕೆಂಪು ಚೌಕಗಳನ್ನು ಹಾಕಿದ್ದು ನೀವೂ ವಿಡಿಯೋದಲ್ಲಿ ನೋಡಿರಬಹುದು. ಅದು 5 ಮಿಲಿಮೀಟರ್ ದಪ್ಪದ ಕೆಂಪು ಥರ್ಮೋಪ್ಲಾಸ್ಟಿಕ್. ಬಣ್ಣ ಕಣ್ಣಿಗೆ ಬೀಳುತ್ತದೆ, ದಪ್ಪಕ್ಕೆ ಗಾಡಿ ಸಣ್ಣಗೆ ನಡುಗುತ್ತದೆ. ಬರೀ ಬಣ್ಣಕ್ಕಿಂತ ಬಣ್ಣ ಮತ್ತು ನಡುಕ ಸೇರಿದ್ದು ಜಾಸ್ತಿ ದಿನ ನಿಲ್ಲುತ್ತದೆ ಅಂತ ನನಗೆ ನಮ್ಮ ಗರಗರ ಸದ್ದಿನಿಂದ ಅನಿಸಿದೆ.

ಪಾಂಡವಪುರದಲ್ಲಿರೋ ನಮ್ಮ ಅಣ್ಣ ಇದನ್ನೆಲ್ಲ ಕೇಳಿ "ಹಂಗಾದ್ರೆ ನಮ್ ನಾಲೆ ರಸ್ತೆಗೂ ಹಾಕ್ಸಿದ್ರೆ ಆಯ್ತಲ್ಲವ್ವ" ಅಂದರು. ಬೇಡ ಅಂದೆ. 2018ರ ನವೆಂಬರಿನಲ್ಲಿ ಅಲ್ಲೇ ಕನಗನಮರಡಿ ಹತ್ತಿರ ಬಸ್ಸು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಿದ್ದು 30 ಜನ ಹೋದರು. ನಾಲೆ ಏರಿ ಮೇಲೆ ಬೇಕಾಗಿರೋದು ತಡೆಗೋಡೆ. ಬಣ್ಣ ಬಸ್ಸನ್ನು ತಡೆದು ನಿಲ್ಲಿಸೋದಿಲ್ಲ. ಮೇಲಾಗಿ ಸುಗ್ಗಿ ಕಾಲದಲ್ಲಿ ರಾಗಿ, ಹುರುಳಿ ಹರಡಿ ರಸ್ತೆಯನ್ನೇ ಕಣ ಮಾಡಿದಾಗ ಕೆಂಪು ಎಲ್ಲಿ ಕಾಣುತ್ತದೆ?

ರಾತ್ರಿ ಹೇಗೆ ಕಾಣುತ್ತದೆ ಅಂತ ಯಾರೂ ಕೇಳಲ್ಲ, ಕೇಳಲೇಬೇಕು. ಮಬ್ಬು ಬೆಳಕಿನಲ್ಲಿ ನಮ್ಮ ಕಣ್ಣಿಗೆ ಮೊದಲು ಕಪ್ಪಾಗೋದು ಕೆಂಪೇ. ಹಳೇ ಕಿತ್ತಳೆ ಬೆಳಕಿನ ಸೋಡಿಯಂ ದೀಪದ ಕೆಳಗೆ ನಮ್ಮ ಕೆಂಪು ರಸ್ತೆ ಡಾಂಬರಿನಿಂದ ಬೇರೆಯಾಗಿ ಕಾಣುತ್ತಲೇ ಇರಲಿಲ್ಲ. ಬಿಳಿ ಎಲ್‌ಇಡಿ ಹಾಕಿದ ಮೇಲೆ ಪರವಾಗಿಲ್ಲ. ಕೆಂಪು-ಹಸಿರು ವ್ಯತ್ಯಾಸ ಸರಿಯಾಗಿ ಕಾಣದ ಗಂಡಸರೂ ಇರುತ್ತಾರೆ. ಅದಕ್ಕೆ ಕೆಂಪಿನ ಸುತ್ತ ಗಾಜಿನ ಮಣಿ ಹಾಕಿದ ಬಿಳಿ ಅಂಚು ಕಡ್ಡಾಯ. ನಮ್ಮಲ್ಲಿ ರಾತ್ರಿ ಕಾಣೋದು ಆ ಅಂಚೇ.

ಬಾಳಿಕೆ ಬಗ್ಗೆ ಹೇಳುವುದಾದರೆ, ಬಣ್ಣ ಬಿಸಿಲಿಗೆ ಮಾಸಿಲ್ಲ. ಕೆಂಪು ಬರೋದು ಐರನ್ ಆಕ್ಸೈಡ್‌ನಿಂದ, ನಮ್ಮ ಕೆಮ್ಮಣ್ಣಿನಲ್ಲಿರೋದೇ ಅದು, ಬಿಸಿಲು ಅದಕ್ಕೆ ಏನೂ ಮಾಡಲ್ಲ. ಕೊಳೆ ಮಾತ್ರ ಕೂರುತ್ತದೆ. ಬ್ರೇಕ್ ಹಾಕೋ ಜಾಗದಲ್ಲಿ ಟೈರಿನ ಕಪ್ಪು ಗೆರೆ, ಸೈಟಿನಿಂದ ಬರೋ ಟ್ರಾಕ್ಟರಿನ ಮಣ್ಣು, ಹೊಂಗೆ ಹೂ ಉದುರೋ ಕಾಲಕ್ಕೆ ಅದು ಬೇರೆ. ಹರಳಿನ ಸಂದಿಯಲ್ಲಿ ಹೂ ಕೊಳೆತರೆ ಹಿಡಿತವೂ ಕಡಿಮೆ ಆಗುತ್ತದೆ. ಪೌರಕಾರ್ಮಿಕರ ಮಾಮೂಲಿ ಪೊರಕೆಗೆ ಅದು ಬರಲ್ಲ, ಗಟ್ಟಿ ಬ್ರಷ್ಷು ನೀರು ಬೇಕು. ಇಳಿಜಾರಿನ ಮೇಲ್ತುದಿಯಲ್ಲಿ ಒಂದು ಕಡೆ ಅಂಗೈಯಗಲ ಎದ್ದು ಬಂದಿದೆ. ಅಲ್ಲಿ ಹಳೇ ಡಾಂಬರಿನಲ್ಲೇ ಬಿರುಕಿತ್ತು. ಕೆಳಗಿನ ರಸ್ತೆ ಗಟ್ಟಿ ಇಲ್ಲದಿದ್ದರೆ ಮೇಲಿನ ಅಂಟು ಎಷ್ಟು ಒಳ್ಳೇದಿದ್ದರೂ ಪ್ರಯೋಜನವಿಲ್ಲ, ಮೊದಲು ರಸ್ತೆ ರಿಪೇರಿ ಮಾಡಿಸಿ.

ಕೊಟೇಶನ್ ತಗೊಳ್ಳುವಾಗ ಹರಳು ಯಾವುದು ಅಂತ ಬರವಣಿಗೆಯಲ್ಲಿ ಕೇಳಿ. "ಸ್ಪೆಷಲ್ ಗ್ರಿಟ್" ಅಂದರೆ ಒಪ್ಪಬೇಡಿ, ಬಣ್ಣ ಹಾಕಿದ ಎಂ-ಸ್ಯಾಂಡ್ ತಂದು ಎರಚಿ ಹೋಗೋರಿದ್ದಾರೆ. ಒಂದು ಚದರಡಿ ಸ್ಯಾಂಪಲ್ ಹಾಕಿಸಿ, ಗಟ್ಟಿಯಾದ ಮೇಲೆ ನೀರು ಸುರಿದು ಚಪ್ಪಲಿಯಲ್ಲಿ ಒತ್ತಿ ಜಾರಿಸಿ ನೋಡಿ, ಕಬ್ಬಿಣದ ಬ್ರಷ್‌ನಲ್ಲಿ ಉಜ್ಜಿ ಎಷ್ಟು ಉದುರುತ್ತೆ ನೋಡಿ. ಸರಿಯಾದ ಪರೀಕ್ಷೆ ಬೇಕೆಂದರೆ ಪೆಂಡುಲಂ ಟೆಸ್ಟರ್ ಅಂತ ಉಪಕರಣ ಇದೆ. ತೂಗೋ ತೋಳಿನ ತುದಿಯ ರಬ್ಬರ್ ತುಂಡು ಒದ್ದೆ ರಸ್ತೆಯನ್ನು ಸವರಿ ಆಚೆ ಎಷ್ಟು ಮೇಲೆ ಹೋಗುತ್ತೆ ಅನ್ನೋದರಲ್ಲೇ ಹಿಡಿತ ಗೊತ್ತಾಗುತ್ತದೆ. ಮಾಡಿಕೊಡ್ತೀರಾ ಅಂತ ಕೇಳಿದಾಗ ಅವರ ಮುಖ ನೋಡಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ನಮ್ಮ ಎಪಾಕ್ಸಿಯವರಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ, ಮೊದಲ ಥರ್ಮೋಪ್ಲಾಸ್ಟಿಕ್‌ನವರಿಗೆ ಒಂದು, ಅದೂ ಬೇಗ ಮುಗಿಸಿದ್ದಕ್ಕೆ.

ಇನ್ನೊಂದು, ನಮ್ಮ ರಸ್ತೆ ಇನ್ನೂ ಪಾಲಿಕೆಗೆ ಹಸ್ತಾಂತರ ಆಗಿಲ್ಲ, ಅದಕ್ಕೆ ಸಂಘವೇ ಮಾಡಿಸಿತು. ನಿಮ್ಮದು ಸಾರ್ವಜನಿಕ ರಸ್ತೆಯಾದರೆ ಪಾಲಿಕೆ ಮತ್ತು ಸಂಚಾರ ಪೊಲೀಸರನ್ನು ಕೇಳದೆ ಒಂದು ಡಬ್ಬಿಯೂ ತೆರೆಯಬೇಡಿ. ರಸ್ತೆ ಗುರುತುಗಳಿಗೆ ಐಆರ್‌ಸಿ 35 ಅನ್ನೋ ಸಂಹಿತೆ ಇದೆ, ಅರ್ಜಿ ಜೊತೆ ಅದನ್ನು ಉಲ್ಲೇಖಿಸಿದರೆ ಮಾತು ಬೇಗ ಮುಂದೆ ಹೋಗುತ್ತದೆ.

ಅಂದ ಹಾಗೆ ಹಾಕಿಸೋ ಮುಂಚೆ ನೀರಿನ ಪೈಪು, ಕೇಬಲ್ಲು, ಒಳಚರಂಡಿ, ಯಾರ್ಯಾರು ಅಗೆಯೋದು ಬಾಕಿ ಇದೆ ಅಂತ ವಿಚಾರಿಸಿ. ನಮ್ಮಲ್ಲಿ ಕೇಬಲ್‌ನವರು ಬಂದು ಅಡ್ಡಕ್ಕೆ ಒಂದಡಿ ಅಗಲ ಅಗೆದು, ಮಣ್ಣು ಮುಚ್ಚಿ, ಮೇಲೆ ಸಿಮೆಂಟ್ ಸವರಿ ಹೋದರು. ಉಳಿದ ಹರಳಿನ ಎರಡು ಚೀಲ ಸಂಘದ ಆಫೀಸಿನಲ್ಲಿದೆ, ಅಂಟಿನ ಡಬ್ಬಿ ತರಿಸಬೇಕು, ಅದಕ್ಕೆ ಮತ್ತೆ ಸಭೆ ಕರೆದಿದ್ದಾರೆ.